ಹೆಬ್ಬೆರಳಿನಷ್ಟು ಹಿಂದಕ್ಕೆ

ಹೊಸದಾಗಿ ಕೆಲಸಕ್ಕೆ ಸೇರಿದ್ದ ಲಂಬು ಅತ್ತಿತ್ತ ನೋಡಿ, ಎರಡನೇ ಸರದಿಯ ಕೇಕು ಬೇಯುತ್ತಿದ್ದ ಓವನ್ನಿನ ನಾಬನ್ನು ಹಿಂದಕ್ಕೆ ತಿರುಗಿಸಿದ್ದನ್ನು ಅವಳು ಮೈದಾ ಮೂಟೆಗಳ ಮರೆಯಿಂದ ಕಣ್ಣಾರೆ ಕಂಡಳು.

ಕಳ್ಳ ಸಿಕ್ಕಿಬಿದ್ದ ಎಂಬ ಖುಷಿ ಆಗಬೇಕಿತ್ತು. ಆಗಲಿಲ್ಲ. ಆ ಖುಷಿಯೂ ಈ ವಾರದ ಸ್ಪಂಜ್ ಕೇಕುಗಳ ಹಾಗೆ ನಡುವೆ ಕುಸಿಯಿತು.

ಹಳೇ ಓವನ್ ಕೈಕೊಟ್ಟ ಮೇಲೆ ಚಿಕ್ಕಪ್ಪ ಮುಚ್ಚಿಹೋದ ಯಾವುದೋ ಹೋಟೆಲಿನಿಂದ ಇದನ್ನು ಎತ್ತಿಕೊಂಡು ಬಂದಿದ್ದ. ಬೇಕರಿಯ ಲೆಕ್ಕವೆಲ್ಲ ಸೆಲ್ಸಿಯಸ್ಸಿನಲ್ಲಿ, ಇದರದ್ದು ಫ್ಯಾರನ್‌ಹೀಟ್. ಸಾಲದ್ದಕ್ಕೆ ನಾಬಿನ ಸುತ್ತ ಅರ್ಧಕ್ಕರ್ಧ ಅಂಕಿಗಳು ಸವೆದುಹೋಗಿದ್ದವು. "ಎರಡರಿಂದ ಗುಣಿಸಿ ಮೂವತ್ತು ಕೂಡಿಸಿದ್ರೆ ಆಯ್ತು ಚಿಕ್ಕಪ್ಪ" ಎಂದು ಅವಳು ಎಲ್ಲರೆದುರು ಜಂಬದಿಂದ ಹೇಳಿ, ನೂರ ಎಂಬತ್ತಕ್ಕೆ ಮುನ್ನೂರ ತೊಂಬತ್ತು ಇಟ್ಟಿದ್ದಳು. ಮೊದಲ ದಿನ ಕೇಕಿನ ತಲೆ ಕರಕಲಾಯಿತು. ಮಾರನೇ ದಿನದಿಂದ ನಡುವೆ ಹಸಿಹಸಿ, ಹೊರತೆಗೆದ ಕೂಡಲೇ ಗುಂಡಿ.

ಲಂಬು ಬಂದದ್ದೂ ಅದೇ ವಾರ, ಎದುರು ಬೇಕರಿ ಬಿಟ್ಟು. ಯಾಕೆ ಬಿಟ್ಟೆ ಅಂದರೆ "ಬೇಜಾರಾಯ್ತು" ಎನ್ನುತ್ತಿದ್ದ. ಅವಳು ಬೆಣ್ಣೆ ನೊರೆ ಬರಿಸುವಾಗ, ಅಚ್ಚಿಗೆ ಹಿಟ್ಟು ಸುರಿಯುವಾಗ ಅವನ ಕಣ್ಣು ಅವಳ ಕೈಮೇಲೆಯೇ. ಅವಳು ತಲೆಯೆತ್ತಿದರೆ ಅವನು ಟ್ರೇ ನೋಡುತ್ತಿದ್ದ. ಕಸುಬು ಕದಿಯಲು ಬಂದಿದ್ದಾನೆ ಎಂದು ಅವಳು ತೀರ್ಮಾನಿಸಿದ್ದಳು. ನೋಡದ ದಿನ ಅನುಮಾನ ಇನ್ನೂ ಹೆಚ್ಚಾಗುತ್ತಿತ್ತು. ಬೇಹುಗಾರನಿಗಾಗಿ ಕೂದಲು ನೀಟಾಗಿ ಬಾಚಿ ಬರುವವಳು ಊರಿನಲ್ಲಿ ತಾನೊಬ್ಬಳೇ ಇರಬೇಕು.

ನಿನ್ನೆ ಚಿಕ್ಕಪ್ಪ ಹೇಳಿದ್ದ: "ಅವನು ಬಂದಾಗಿಂದ್ಲೇ ಹೀಗೆ. ನಾಳೆನೂ ಕೇಕ್ ಕೂತ್ರೆ ಅವನನ್ನ ಕಳಿಸಿಬಿಡ್ತೀನಿ ಪುಟ್ಟಿ."

ಅವಳು ಮೂಟೆ ದಾಟಿ ಈಚೆ ಬಂದಳು. "ಕೈ ಎಲ್ಲಿಟ್ಟಿದ್ದೀರಿ?"

"ನಾಬ್ ಮೇಲೆ."

"ನಂಗೂ ಕಣ್ಣಿದೆ. ಎದುರಂಗಡಿಯವರು ಹೇಳಿಕೊಟ್ಟು ಕಳಿಸಿದ್ರಾ?"

"ಅವರು ನನ್ನ ಕಂಡ್ರೆ ಮುಖ ತಿರುಗಿಸ್ತಾರೆ ಮೇಡಂ."

"ಹಾಗಂತ ನೀವು ಹೇಳ್ತೀರಿ. ದಿನಾ ಹೀಗೆ ತಿರುಗಿಸ್ತೀರಾ?"

"ದಿನಾ. ಒಂದು ಹೆಬ್ಬೆರಳಿನಷ್ಟು ಹಿಂದಕ್ಕೆ."

ಇಷ್ಟು ಸಲೀಸಾಗಿ ಒಪ್ಪಿಕೊಳ್ಳುವವನ ಹತ್ತಿರ ಇನ್ನೂ ದೊಡ್ಡದೇನೋ ಇರುತ್ತದೆ ಎನಿಸಿತು. "ಯಾಕೆ?"

ಗೋಡೆಯಾಚೆ ಗಲ್ಲಾದಲ್ಲಿದ್ದ ಚಿಕ್ಕಪ್ಪ ಕೆಮ್ಮಿದ. ಲಂಬು ದನಿ ತಗ್ಗಿಸಿದ. "ನಿಮ್ಮ ಲೆಕ್ಕ ಬಿಸಿಲು ಎಷ್ಟಿದೆ ಅಂತ ಹೇಳೋಕೆ ಆಗತ್ತೆ. ಓವನ್‌ಗೆ ಆಗಲ್ಲ. ಒಂದು ಪಾಯಿಂಟ್ ಎಂಟರಿಂದ ಗುಣಿಸಿ..."

"ಮೂವತ್ತೆರಡು ಕೂಡಿಸ್ಬೇಕು. ಮುನ್ನೂರ ಐವತ್ತಾರು. ಮೊದಲನೇ ದಿನ ಸುಟ್ಟಾಗ್ಲೇ ಗೊತ್ತಾಯ್ತು. ಆಮೇಲಿಂದ ಮುನ್ನೂರ ಐವತ್ತಕ್ಕೇ ಇಡ್ತಿದ್ದೀನಿ."

"ಬಾಯಲ್ಲಿ ದಿನಾ ಮುನ್ನೂರ ತೊಂಬತ್ತು ಅಂತಿರ್ತೀರಲ್ಲ?"

"ಚಿಕ್ಕಪ್ಪ ಕೇಳಿಸ್ಕೊಳ್ತಿರ್ತಾರೆ. ಅಷ್ಟು ಜಂಬ ಕೊಚ್ಕೊಂಡು ಈಗ ಹೇಗೆ ಬದಲಾಯಿಸಲಿ?"

ಅವನು ಸವೆದ ಅಂಕಿಗಳನ್ನೇ ನೋಡಿದ. "ಅಂದ್ರೆ ನೀವು ಇಳಿಸಿದ್ದನ್ನ ನಾನು ಮತ್ತೆ ಇಳಿಸ್ತಿದ್ದೆ."

"ಬಾಯಿಬಿಟ್ಟು ಹೇಳೋಕೇನಾಗಿತ್ತು? ಬೈಗುಳ ಎಲ್ಲಾ ನೀವೇ ತಿಂದ್ರಿ."

"ಹೇಳಿದ್ರೆ ನಿಮ್ಮ ಚಿಕ್ಕಪ್ಪ ಓವನ್ ನನ್ನ ಕೈಗೆ ಕೊಟ್ಟು ನಿಮ್ಮನ್ನ ಕೌಂಟರ್‌ಗೆ ಹಾಕ್ತಿದ್ರು."

"ಹಾಕಿದ್ರೆ ನಿಮಗೇನು?"

ಅವನು ಏನೂ ಅಂಟಿರದ ಕೈಗಳನ್ನು ಏಪ್ರನ್ನಿಗೆ ಒರೆಸಿಕೊಂಡ. "ಇಲ್ಲಿಂದ ಕೌಂಟರ್ ಕಾಣಲ್ಲ."

ಅವಳು ಅವನ ಮುಖದಲ್ಲಿ ಸುಳ್ಳು ಹುಡುಕಿದಳು. ಕಿವಿ ಕೆಂಪಾಗಿತ್ತು. ಓವನ್ನಿನ ಕಾವಿಗೂ ಕೆಂಪಾಗಬಹುದು. ಅಷ್ಟು ಬೇಗ ನಂಬುವ ಜಾಯಮಾನ ಅವಳದಲ್ಲ. "ಓವನ್ ಬಿಟ್ಟು ಸ್ವಲ್ಪ ಈಚೆ ಬನ್ನಿ" ಎಂದಳು.

ಬಂದ. ಕಿವಿ ಇನ್ನಷ್ಟು ಕೆಂಪಾಯಿತು.

ಅಷ್ಟರಲ್ಲಿ ಚಿಕ್ಕಪ್ಪ ಮೊದಲ ಸರದಿಯ ಕೇಕು ಹಿಡಿದು ಒಳಗೆ ಬಂದ. ಚಾಕುವಿಗೆ ಹಸಿ ಹಿಟ್ಟು ಮೆತ್ತಿತ್ತು. "ಮತ್ತೆ ಕೂತಿದೆ. ಸಾಕಪ್ಪಾ, ಏಪ್ರನ್ ಬಿಚ್ಚಿಡು."

ಲಂಬು ಬೆನ್ನಹಿಂದಿನ ಗಂಟಿಗೆ ಕೈ ಹಾಕಿದ. ಅವಳ ಹೆಸರು ಬಾಯಿಗೆ ತರಲಿಲ್ಲ. ನಂಬುವುದಕ್ಕೆ ಅವಳಿಗೆ ಅಷ್ಟು ಸಾಕಾಯಿತು.

"ತಪ್ಪು ನಂದು ಚಿಕ್ಕಪ್ಪ. ಲೆಕ್ಕ ಮೊದಲಿಂದ್ಲೂ ತಪ್ಪಿತ್ತು, ಹೇಳದೆ ಮುಚ್ಚಿಟ್ಟೆ. ಬೇಕಾದ್ರೆ ನನ್ನನ್ನ ಕೌಂಟರ್‌ಗೆ ಹಾಕಿ. ಅವರನ್ನ ಕಳಿಸ್ಬೇಡಿ."

ಚಿಕ್ಕಪ್ಪ ಕೇಕು ಕೆಳಗಿಟ್ಟ. "ನೀನು ಹುಟ್ಟಿದಾಗಿಂದ ಒಂದು ತಪ್ಪೂ ಒಪ್ಕೊಂಡವಳಲ್ಲ. ಏನು ನಡೀತಿದೆ ಇಲ್ಲಿ?"

"ಕೇಕ್ ಬೇಯ್ತಿದೆ."

"ಬೇಯಲಿ. ನಾನೂ ನೋಡ್ತೀನಿ" ಎಂದು ಅವನು ಸ್ಟೂಲ್ ಎಳೆದುಕೊಂಡು ಅಲ್ಲೇ ಕೂತ.

ಅವಳು ನಾಬ್ ಮುಂದಕ್ಕೆ ತಿರುಗಿಸಿ, ಚಿಕ್ಕಪ್ಪನಿಗೂ ಕೇಳುವಂತೆ ಹೇಳಿದಳು: "ಮುನ್ನೂರ ಐವತ್ತಕ್ಕೆ ಇಟ್ಟಿದ್ದೀನಿ. ಸರಿ ಇದ್ಯಾ, ನೋಡಿ."

ಸವೆದ ಅಂಕಿ ಓದಲು ಲಂಬು ಅವಳ ಪಕ್ಕಕ್ಕೇ ಬಗ್ಗಬೇಕಾಯಿತು. "ಸರಿ ಇದೆ."

"ಸರಿಯಾಗಿ ನೋಡಿ."

"ನೋಡ್ತಿದ್ದೀನಿ" ಎಂದ. ನಾಬ್ ಕಡೆಗೆ ನೋಡಲಿಲ್ಲ.

ಚಿಕ್ಕಪ್ಪ ಸ್ಟೂಲನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಂಡ.