ಐದು ಗಂಟೆಯ ಸಿನಿಮಾ

ಮೆಕ್ಯಾನಿಕ್ ಶಟರ್ ಅರ್ಧ ಎಳೆದಿದ್ದ. ಅಷ್ಟರಲ್ಲಿ ಅದರ ಕೆಳಗಿನಿಂದ ಒಂದು ಕೈ ಒಳಗೆ ಬಂತು. ಕೈಯಲ್ಲಿ ಹಳೆಯ ವಿಡಿಯೋ ಕ್ಯಾಸೆಟ್. ಅದರ ಹೊಟ್ಟೆಯಿಂದ ಕಪ್ಪು ಟೇಪು ಕರುಳಿನಂತೆ ಜೋತುಬಿದ್ದಿತ್ತು.

“ಊಟಕ್ಕೆ ಹೊರಟಿದೀನಿ. ಆಮೇಲೆ ಬೇರೆ ಕೆಲಸ ಇದೆ, ನಾಳೆ ಬನ್ನಿ.”

“ನಾಳೆ ಆಗಲ್ಲ. ಐದು ಗಂಟೆಗೆ ಬೇಕು.”

ಅವನು ಬಗ್ಗಿ ನೋಡಿದ. ಓಡಿ ಬಂದ ಮುಖ, ಬಿಚ್ಚಿಹೋದ ಜಡೆ. ಆ ಕಣ್ಣುಗಳಲ್ಲಿದ್ದದ್ದು ಸಿನಿಮಾ ನೋಡುವ ಆಸೆಯಲ್ಲ, ಭಯ.

ಅವನು ಶಟರ್ ಮೇಲೆತ್ತಿದ. ಹತ್ತಿಯಿಂದ ಟೇಪು ಒರೆಸಿ, ಹರಿದ ಕಡೆ ಕತ್ತರಿಸಿ ಅಂಟಿಸಿದ. “ಎರಡು ಸೆಕೆಂಡ್ ಸಿನಿಮಾ ಹೋಗುತ್ತೆ, ಅಷ್ಟೆ.”

“ಆ ಎರಡು ಸೆಕೆಂಡ್ ನಾನೇ ಹೇಳ್ತೀನಿ ಬಿಡಿ,” ಎಂದಳು ಅವಳು. ಅವನು ತಮಾಷೆಯೆಂದುಕೊಂಡ.

ತಮಾಷೆಯಾಗಿರಲಿಲ್ಲ.

ಮನೆಯಲ್ಲಿ ಎಲ್ಲರೂ ಅವಳನ್ನು ಗುಬ್ಬಿ ಎನ್ನುತ್ತಿದ್ದರು. ಅವಳು ಚಿಕ್ಕವಳಿದ್ದಾಗ ಭಾನುವಾರ ಬಂತೆಂದರೆ ನಾಲ್ವರೂ ಒಂದೇ ಹೊದಿಕೆಯೊಳಗೆ ಕಾಲು ತೂರಿಸಿ ಕೂತು ಅದೇ ಸಿನಿಮಾ ನೋಡುತ್ತಿದ್ದರು. ಒಬ್ಬ ದೋಣಿಯವನು, ಒಬ್ಬ ಟೀಚರಮ್ಮ. ಎರಡೂವರೆ ಗಂಟೆ ಜಗಳವಾಡಿ ಕೊನೆಗೆ ಮದುವೆಯಾಗುತ್ತಾರೆ. ತೆರೆಯ ಜೊತೆಜೊತೆಗೇ ನಾಲ್ವರೂ ಮಾತು ಹೇಳುತ್ತಿದ್ದರು. ದೋಣಿಯವನ ಮಾತು ಅಪ್ಪನದು, ಟೀಚರಮ್ಮನದು ಅಮ್ಮನದು, ಖಳನಾಯಕ ಕಂಟ್ರಾಕ್ಟರ್ ಅಣ್ಣ. ಎಲ್ಲರಿಗಿಂತ ಚಿಕ್ಕವಳಾದ ಗುಬ್ಬಿಗೆ ಉಳಿದದ್ದು ಮೇಕೆಯ ಕೂಗು.

ಅಮ್ಮ ಹೋಗಿ ಮೂರು ವರ್ಷ. ಅಪ್ಪನಿಗೆ ಮರೆವು. ಮೂವತ್ತು ವರ್ಷ ಲಿಫ್ಟ್ ರಿಪೇರಿ ಮಾಡಿದ ಮನುಷ್ಯ ಈಗ ಬಚ್ಚಲಿನ ದಾರಿ ಕೇಳುತ್ತಿದ್ದರು. ಐದು ಗಂಟೆಯಾದರೆ ಮಾತ್ರ ಟಿ.ವಿ. ಮುಂದೆ ಬಂದು ಕೂರುತ್ತಿದ್ದರು. ಸಿನಿಮಾ ಶುರುವಾಗದಿದ್ದರೆ ನಡುಗುತ್ತಾ ಅಮ್ಮನನ್ನು ಕೂಗುತ್ತಿದ್ದರು. ಟೀಚರಮ್ಮನ ಮಾತನ್ನು ಗುಬ್ಬಿ ಹೇಳಿದರೆ ಸಮಾಧಾನ.

ಬೆಳಿಗ್ಗೆ ಗುಬ್ಬಿ ಕನ್ನಡಕದ ಅಂಗಡಿಗೆ ಕೆಲಸಕ್ಕೆ ಹೋಗಿ ಗಾಜು ಉಜ್ಜುವಾಗ ಅಪ್ಪನ ಮೇಲೆ ಪಕ್ಕದ ಮನೆ ಅಜ್ಜಿಯ ಕಣ್ಣು. ಸಂಜೆ ಮಾತ್ರ ಗುಬ್ಬಿಯದೇ ಪಾಳಿ. ಸ್ನೇಹಿತೆಯ ಮದುವೆಗೂ ಹೋಗಲಾಗಲಿಲ್ಲ. ಕೆಲವೊಮ್ಮೆ ಅನಿಸುತ್ತಿತ್ತು... ನಾನು ಈ ಮನೆಯಲ್ಲಿಲ್ಲ, ಆ ಟೇಪಿನೊಳಗಿದ್ದೇನೆ. ಹಾಗೆ ಅನಿಸಿದ್ದಕ್ಕೆ ಮರುಕ್ಷಣವೇ ನಾಚಿಕೆಯಾಗುತ್ತಿತ್ತು. ಹೆತ್ತ ಅಪ್ಪ ಅಲ್ಲವೇ.

ಮರುದಿನ ಮೆಕ್ಯಾನಿಕ್ ಪ್ಲೇಯರ್ ನೋಡಲು ಮನೆಗೇ ಬಂದ. “ಟೇಪು ತಿನ್ನೋದು ಇದರ ಚಟ. ಇದನ್ನ ಸರಿ ಮಾಡದೆ ಆಗಲ್ಲ.”

ಅಪ್ಪ ಅವನನ್ನು ಮೇಲಿಂದ ಕೆಳಗೆ ನೋಡಿದರು. “ಕಾನ್‌ಸ್ಟೇಬಲ್ಲು ಬಂದ್ನಾ? ಕೂತ್ಕೊ. ನಿನ್ನ ಮಾತು ಬರೋಕೆ ಇನ್ನೂ ಹೊತ್ತಿದೆ.”

ಅವನು ಕೂತ. ಸಿನಿಮಾದಲ್ಲಿ ಕಾನ್‌ಸ್ಟೇಬಲ್ ಬಂದಾಗ ಗುಬ್ಬಿ ಪಿಸುಗುಟ್ಟಿ ಹೇಳಿಕೊಟ್ಟ ಮಾತನ್ನು ಒಪ್ಪಿಸಿದ. ಅಪ್ಪ ಮಂಡಿ ಬಡಿದು ನಕ್ಕರು.

ಆಮೇಲೆ ಅವನು ವಾರಕ್ಕೆ ನಾಲ್ಕು ಸಂಜೆ ಬರತೊಡಗಿದ. ಪ್ಲೇಯರ್ ಎಂದೋ ಸರಿಯಾಗಿತ್ತು. ಅದು ಇಬ್ಬರಿಗೂ ಗೊತ್ತಿತ್ತು.

“ಒಂದು ಸಂಜೆ ನನ್ನ ಜೊತೆ ಹೊರಗೆ ಬರ್ತೀರಾ?” ಒಮ್ಮೆ ಕೇಳಿದ.

“ಅಪ್ಪ?”

ಅವನು ಮತ್ತೆ ಕೇಳಲಿಲ್ಲ. ಅವಳಿಗೆ ಅದೇ ನೋವಾಯಿತು.

ಒಂದು ಮಧ್ಯಾಹ್ನ ಅಣ್ಣನ ಫೋನ್ ಬಂತು. ಅವನ ಮನೆ ಬಸ್ಸಿನಲ್ಲಿ ಒಂದು ಗಂಟೆಯ ದೂರ. ಮೂರು ವರ್ಷದಿಂದ ಆ ದೂರ ಮುಗಿದೇ ಇರಲಿಲ್ಲ.

“ನಿಮ್ಮಲ್ಲಿಗೆ ಬರೋ ಆ ಮೆಕ್ಯಾನಿಕ್ ಫೋನ್ ಮಾಡಿದ್ದ ಕಣೆ. ನನಗೂ ಅನಿಸ್ತು, ಅಪ್ಪನ್ನ ಯಾವುದಾದ್ರೂ ಆಶ್ರಮಕ್ಕೆ ಸೇರಿಸಿಬಿಡೋಣ.”

ಗುಬ್ಬಿ ಫೋನ್ ಇಟ್ಟುಬಿಟ್ಟಳು. ಹಾಗಾದರೆ ಮೆಕ್ಯಾನಿಕ್ ಇಷ್ಟು ದಿನ ಬಂದದ್ದು ಇದಕ್ಕಾಗಿ? ಅಪ್ಪ ಅವನಿಗೆ ದಾರಿಯ ಕಲ್ಲಾಗಿದ್ದರೇ?

ಸಂಜೆ ಅವನನ್ನು ಹೊಸ್ತಿಲಲ್ಲೇ ನಿಲ್ಲಿಸಿದಳು.

“ನಮ್ಮಣ್ಣಂಗೆ ಫೋನ್ ಮಾಡಿದ್ರಾ?”

“ಮಾಡಿದ್ದೆ. ನಿಮ್ಮಪ್ಪ ಮೊನ್ನೆ ಒಂದು ಮಾತು ಹೇಳಿದ್ರು...”

“ನಮ್ಮಪ್ಪನ ಹೆಸರು ಹೇಳ್ಬೇಡಿ. ಇನ್ಮೇಲೆ ಬರ್ಬೇಡಿ.”

ಬಾಗಿಲು ಹಾಕಿ ಅದಕ್ಕೇ ಒರಗಿ ನಿಂತಳು. ಒಳಗಿನಿಂದ ಅಪ್ಪ, “ಕಾನ್‌ಸ್ಟೇಬಲ್ ಎಲ್ಲಿ?” ಎಂದರು. ಅವಳು ಹೋಗಿ ಕ್ಯಾಸೆಟ್ ಹಾಕಿದಳು.

ಹತ್ತು ದಿನ ಕಳೆಯಿತು. ಅಪ್ಪ ದಿನವೂ ಕೇಳಿದರು. ಹನ್ನೊಂದನೆಯ ದಿನ ಅಣ್ಣ ಬಂದ. ಕೈಯಲ್ಲಿ ಆಶ್ರಮದ ಅರ್ಜಿ. ಅಪ್ಪನಿಗೆ ಅವನ ಗುರುತು ಸಿಗಲಿಲ್ಲ. ಅಣ್ಣ ಮೂಲೆಯ ಕುರ್ಚಿಯಲ್ಲಿ ಮುಖ ತಗ್ಗಿಸಿ ಕೂತ.

ಐದಾಯಿತು. ಸಿನಿಮಾ ಶುರುವಾಯಿತು. ಕಂಟ್ರಾಕ್ಟರ್ ತೆರೆಯ ಮೇಲೆ ಬಂದು ಮೀಸೆ ತಿರುವಿದ. ಗುಬ್ಬಿ ಬಾಯಿ ತೆರೆಯುವ ಮೊದಲೇ ಮೂಲೆಯಿಂದ ಅಣ್ಣನ ಗಡಸು ದನಿ, “ಈ ಹೊಳೆ ನಂದು, ಈ ದಡ ನಂದು, ನಿನ್ನ ದೋಣಿ ನಿಲ್ಲೋ ನೆರಳೂ ನಂದು.”

ಅಪ್ಪ ತಿರುಗಿ ನೋಡಿದರು. “ಎಲ್ಲಿ ಹೋಗಿದ್ಯೋ ಇಷ್ಟು ದಿನ, ಕಳ್ಳ ಕಂಟ್ರಾಕ್ಟರ್?”

ಅಣ್ಣ ಎದ್ದು ಬಂದು ಅಪ್ಪನ ಪಕ್ಕ ಕೂತು ಬಿಕ್ಕಿದ. ಬಿಕ್ಕುತ್ತಲೇ ಹೇಳಿದ, “ಆಶ್ರಮದ ಮಾತು ನಂದೇ ಗುಬ್ಬಿ. ಅಪ್ಪನ್ನ ಹೀಗೆ ನೋಡೋಕೆ ಹೆದರಿಕೆ. ಆ ಮೆಕ್ಯಾನಿಕ್ ಕೇಳಿದ್ದು ಒಂದೇ... ಆ ಸಿನಿಮಾ ನಿಮಗೆ ಇನ್ನೂ ಬಾಯಿಪಾಠ ಇದೆಯಾ ಅಂತ.”

ಅಣ್ಣ ಅರ್ಜಿ ಮಡಚಿ ಜೇಬಿಗಿಟ್ಟ.

“ವಾರಕ್ಕೆ ಮೂರು ಸಂಜೆ ನಂದು. ನಿಮ್ಮತ್ತಿಗೆಗೂ ನಾನೇ ಹೇಳ್ತೀನಿ. ಇವತ್ತಿಂದಾನೇ. ಎದ್ದು ಹೋಗೇ.”

ಚಪ್ಪಲಿ ಮೆಟ್ಟಿ ಅಂಗಡಿಗೆ ಬಂದಾಗ ಮೆಕ್ಯಾನಿಕ್ ಒಂದು ರೇಡಿಯೋ ಬಿಚ್ಚಿ ಕೂತಿದ್ದ.

“ಅವತ್ತು ಪೂರ್ತಿ ಕೇಳ್ಲಿಲ್ಲ ನಾನು. ತಪ್ಪಾಯ್ತು. ಅಪ್ಪ ಏನು ಹೇಳಿದ್ರು?”

“ಲಿಫ್ಟಲ್ಲಿ ಸಿಕ್ಕಿಹಾಕ್ಕೊಂಡೋರ ಕಥೆ. ಒಳಗಿರೋರು ಎಷ್ಟು ಬಡಿದ್ರೂ ಬಾಗಿಲು ತೆರೆಯಲ್ಲವಂತೆ, ಹೊರಗಿರೋರೇ ತೆಗೀಬೇಕಂತೆ. ಅದಕ್ಕೇ ನಿಮ್ಮಣ್ಣನ ನಂಬರ್ ಹುಡುಕಿದೆ. ನಿಮ್ಮನ್ನ ಕೇಳದೆ ಮಾಡಿದ್ದು ನನ್ನ ತಪ್ಪು.”

ಅವಳ ಕಣ್ಣು ತುಂಬಿತು. “ನಾನು ಅಷ್ಟೆಲ್ಲ ಅಂದ್ಮೇಲೂ ಕೋಪ ಬರ್ಲಿಲ್ವಾ?”

“ಬಂತು. ಎರಡು ದಿನ. ಮೂರನೇ ದಿನದಿಂದ ನಿಮ್ಮ ನೆನಪೇ ಬಂತು.” ಸ್ಕ್ರೂಡ್ರೈವರ್ ಕೆಳಗಿಟ್ಟ. “ನಂಗೆ ನೀವು ಇಷ್ಟ. ನಿಮ್ಮಪ್ಪನ ಸಮೇತ.”

“ನನಗೂ... ಎಂದಿನಿಂದಲೋ,” ಎಂದಳು, ನೆಲ ನೋಡುತ್ತಾ.

ಇಬ್ಬರೂ ರಸ್ತೆಗಿಳಿದರು. ದೀಪಗಳು ಒಂದೊಂದಾಗಿ ಹೊತ್ತಿಕೊಳ್ಳುತ್ತಿದ್ದವು. ಸಂಜೆ ಆರಕ್ಕೆ ಊರು ಹೀಗಿರುತ್ತದೆಂದು ಗುಬ್ಬಿಗೆ ಮರೆತೇಹೋಗಿತ್ತು.

“ಎಲ್ಲಿಗೆ ಹೋಗೋಣ?” ಅವನು ಕೇಳಿದ. “ಬಲಕ್ಕಾ, ಎಡಕ್ಕಾ?”

ಅವಳು ಎರಡೂ ಕಡೆ ನೋಡಿದಳು. ಅವಸರವೇನಿರಲಿಲ್ಲ.

“ಎಡಕ್ಕೆ,” ಎಂದಳು. “ಮನೆ ಬಲಕ್ಕಿದೆ.”