ಹದಿನಾರು ವಾರದ ‘ಇಲ್ಲ’

"ನಾನು ಅಷ್ಟೊಂದು ದಡ್ಡಿ ಆಗಿದ್ನಾ, ಶಾಕಿರ್ ಸರ್?"

ಹತ್ತು ವರ್ಷದ ಮೇಲೆ ಎದುರಾದವಳ ಬಾಯಿಂದ ಬಂದ ಮೊದಲ ಮಾತೇ ಇದು. ಸಲಾಮಿಲ್ಲ, ಕ್ಷೇಮ ಸಮಾಚಾರವಿಲ್ಲ. ತರೀಕೆರೆಯ ಆ ಹಳೇ ಶಾಲೆಯ ಓದುಕೋಣೆಯ ಬಾಗಿಲಲ್ಲಿ ತರನ್ನುಮ್ ಫೈಲನ್ನು ಎದೆಗವಚಿಕೊಂಡು ನಿಂತಿದ್ದಳು. ಒಳಗೆ ಮಕ್ಕಳ ಪುಸ್ತಕ ಜೋಡಿಸುತ್ತಿದ್ದ ಮೇಷ್ಟ್ರು ಶಾಕಿರನ ಕೈ ಅಲ್ಲೇ ನಿಂತಿತು.

ಅವಳು ಬಂದಿದ್ದು ಕೆಲಸದ ಮೇಲೆ. ಮೈಸೂರಿನಲ್ಲಿ ವಿಶ್ವವಿದ್ಯಾಲಯದ ಶಿಕ್ಷಣ ಸಂಶೋಧನಾ ಕೇಂದ್ರವೊಂದರಲ್ಲಿ ಅವಳೀಗ ಸಂಶೋಧಕಿ. ಮನೆಯಲ್ಲೊಂದು ಭಾಷೆ, ಶಾಲೆಯಲ್ಲೊಂದು ಭಾಷೆ ಆಡುವ ಪೇಟೆ ಮಕ್ಕಳಿಗಾಗಿ ಆ ಕೇಂದ್ರ ‘ಜೋಡಿ ಓದು’ ನಡೆಸುತ್ತಿತ್ತು. ಉರ್ದು ಶಾಲೆಯಿಂದ ಬಂದವರಿಗೆ ಕನ್ನಡ ಶಾಲೆಯವರು ಜೋಡಿ. ಹತ್ತು ವರ್ಷದ ಹಿಂದೆ, ಪಿಯುಸಿ ಓದುವಾಗ, ಇದೇ ಕೋಣೆಯಲ್ಲಿ ತರನ್ನುಮ್‌ಗೆ ಜೋಡಿಯಾಗಿ ಸಿಕ್ಕವನು ಅಜ್ಜಂಪುರದಿಂದ ಬಸ್ಸಿನಲ್ಲಿ ಬರುತ್ತಿದ್ದ ಶಾಕಿರ್.

"ಈ ಕೋಣೇಲಿ ಕನ್ನಡ ಮಾತ್ರ" ಎಂದು ಮೊದಲ ದಿನವೇ ಕಾನೂನು ಮಾಡಿದ್ದ ಮಹಾರಾಯ. ಮನೆಯಲ್ಲಿ ಇಬ್ಬರದೂ ದಖ್ಖನಿ ಉರ್ದು. ಇಲ್ಲಿ ಮಾತ್ರ "ನೀರು ಕೊಡು" ಅನ್ನುವುದಕ್ಕೂ ಅವಳು ತಡವರಿಸಬೇಕಿತ್ತು. ಅವನು ನಗುತ್ತಿರಲಿಲ್ಲ, ಕಾಯುತ್ತಿದ್ದ. ಅವನು ಅವಳಿಗೆ ಇಷ್ಟವಾದದ್ದು ಆ ಕಾಯುವಿಕೆಯಿಂದಲೇ.

ಬಸ್‌ಸ್ಟ್ಯಾಂಡಿನಿಂದ ಹುರಿದ ಬಟಾಣಿ ತರುತ್ತಿದ್ದ. ತಿಂದು ಮುಗಿದ ಮೇಲೆ ಪೊಟ್ಟಣದ ಕಾಗದ ಬಿಡಿಸಿ, ಅದರಲ್ಲಿದ್ದ ಹಳೇ ಸುದ್ದಿಯನ್ನೂ ಓದಿಸುತ್ತಿದ್ದ. ಎಂಥಾ ದಿನಗಳು...

ಆಮೇಲೊಂದು ದಿನ ಅವನು ಬರಲೇ ಇಲ್ಲ. ಯಾಕೆಂದು ಹೇಳಲೂ ಇಲ್ಲ.

ಕಳೆದ ವಾರ ಕೇಂದ್ರದ ಬೀರುವಿನಲ್ಲಿ ಅವಳ ಹೆಸರಿನದೇ ಪ್ರಗತಿ ಹಾಳೆ ಸಿಕ್ಕಿತ್ತು. ವಾರ ವಾರ ಅದನ್ನು ತುಂಬುತ್ತಿದ್ದವನು ಅವಳ ಜೊತೆಗಾರನೇ. ಅದನ್ನೀಗ ಮೇಜಿನ ಮೇಲೆ ಹರಡಿದಳು.

"ಒಬ್ಬಳೇ ಓದಬಲ್ಲಳೇ ಅಂತ ಪ್ರಶ್ನೆ. ಹದಿನಾರು ವಾರ ಸಾಲಾಗಿ ‘ಇಲ್ಲ’ ಅಂತ ಬರ್ದಿದೀರ. ಹದಿನೇಳನೇ ವಾರ ‘ಹೌದು’. ಅವತ್ತಿಂದ ನಾಪತ್ತೆ. ಈ ದಡ್ಡಿ ಸಹವಾಸ ಸಾಕು, ಪೀಡೆ ತೊಲಗ್ಲಿ ಅಂತ ಬರ್ದ್ರಾ?"

ಅಷ್ಟರಲ್ಲಿ ಅವಳ ಫೋನು ಗುಂಯ್‌ಗುಟ್ಟಿತು. ಅಮ್ಮಿ, ಸರ್ವರ್ ಬೇಗಂ. ದಾವಣಗೆರೆಯ ಸಂಬಂಧಕ್ಕೆ ಇವತ್ತು ಸಂಜೆಯೊಳಗೆ ಉತ್ತರ ಕೊಡಬೇಕು. ಹುಡುಗ ಒಳ್ಳೆಯವನೇ. ಒಪ್ಪಿಬಿಡೋಣವೆಂದು ಅರ್ಧ ಮನಸ್ಸು ಮಾಡಿದ್ದಳು. ಉಳಿದರ್ಧ ಹತ್ತು ವರ್ಷದಿಂದ ಈ ಕೋಣೆಯಲ್ಲೇ ಕೂತಿತ್ತು. ಅದನ್ನು ಎಬ್ಬಿಸಿಕೊಂಡು ಹೋಗಲೆಂದೇ ಬಂದಿದ್ದಳು. ಕೆಲಸ ಬರೀ ನೆಪ.

ಫೋನು ತಾನಾಗಿ ಸುಮ್ಮನಾಯಿತು. ಶಾಕಿರ್ ಹಾಳೆಯ ಮೇಲೆ ಬೆರಳಾಡಿಸಿದ.

"ಮೂರನೇ ವಾರಕ್ಕೇ ನಿಮಗೆ ಓದೋಕೆ ಬರ್ತಿತ್ತು. ಬಟಾಣಿ ಕಾಗದ ಪಟಪಟ ಓದ್ತಿದ್ರಿ. ಪರೀಕ್ಷೆಗೆ ಅಂತ ಪುಸ್ತಕ ಕೊಟ್ರೆ ಮಾತ್ರ ತಪ್ಪು. ಯಾಕೋ ಗೊತ್ತಾಗ್ಲಿಲ್ಲ."

"ಮತ್ತೆ ‘ಇಲ್ಲ’ ಅಂತ ಯಾಕ್ ಬರ್ದ್ರಿ?"

"‘ಹೌದು’ ಅಂದ್ರೆ ಜೋಡಿ ಬಿಡಿಸ್ತಿದ್ರಲ್ಲ... ಅದಕ್ಕೆ."

ಹೌದು, ಕೇಂದ್ರದ ಕಾನೂನೇ ಹಾಗಿತ್ತು. ಒಬ್ಬರೇ ಓದುವಂತಾದರೆ ಜೊತೆಗಾರನನ್ನು ಬೇರೆ ಊರಿನ ಕೋಣೆಗೆ ಹಾಕುತ್ತಿದ್ದರು.

"ಆಮೇಲೆ ಮೈಸೂರು ಶಿಬಿರದ ಪಟ್ಟಿ ಬಂತು" ಅವನೇ ಮುಂದುವರಿಸಿದ. "ಅಲ್ಲಿಗೆ ಹೋದವ್ರಿಗೇ ಡಿಗ್ರಿ ಸೀಟು, ಹಾಸ್ಟೆಲ್ಲು. ನಿಮ್ಮ ಹೆಸರಿಗೆ ಗೀಟು ಬಿದ್ದಿತ್ತು. ಕೇಂದ್ರದ ಶಿವಪ್ರಸಾದ್ ಸರ್‌ನ ಕೇಳಿದ್ರೆ ನನ್ನ ಹಾಳೇನೇ ತೋರಿಸಿದ್ರು. ನನ್ನ ಆಸೆಗೆ ನಿಮ್ಮ ದಾರಿಗೆ ಕಲ್ಲು ಹಾಕ್ಬಿಟ್ಟಿದ್ದೆ. ಅಲ್ಲೇ ನಿಜ ಒಪ್ಕೊಂಡು ‘ಹೌದು’ ಅಂತ ಬರ್ದೆ. ಮಾರನೇ ದಿನಾನೇ ಅಜ್ಜಂಪುರದ ಕೋಣೆಗೆ ಹಾಕಿದ್ರು."

"ಒಂದ್ ಮಾತು ಹೇಳ್ಬಹುದಿತ್ತಲ್ಲ?"

"ಹೇಳಿದ್ರೆ ನೀನು ಹೋಗ್ತಿರ್ಲಿಲ್ಲ."

‘ನೀನು’ ಅಂದುಬಿಟ್ಟಿದ್ದ. ಹತ್ತು ವರ್ಷದ ಮೇಲೆ ಆ ಒಂದು ಪದ ಕೇಳಿ ಅವಳ ಕಣ್ಣು ತುಂಬಿತು. ನಿಜ, ಹೋಗುತ್ತಿರಲಿಲ್ಲ. ಇವತ್ತು ಅವಳು ಏನಾಗಿದ್ದಾಳೋ ಅದು ಅವನು ಬಿಟ್ಟುಕೊಟ್ಟದ್ದರಿಂದಲೇ ಆದದ್ದು.

"ಮನೇಲಿ... ಯಾರ್ಯಾರಿದಾರೆ?" ಕೇಳುವಾಗ ಅವಳ ಧ್ವನಿ ಸಣ್ಣಗಾಯಿತು.

"ನಮ್ಮ ಅಬ್ಬಾ ಮತ್ತೆ ನಾನು. ಇಬ್ರೇ."

ಕಣ್ಣೊರೆಸಿಕೊಂಡು ಅಮ್ಮಿಗೆ ಫೋನು ಮಾಡಿದಳು. ಅಮ್ಮಿಯೊಂದಿಗೆ ಎಂದೂ ಕನ್ನಡ ಆಡದವಳು, ಕೋಣೆಯ ಕಾನೂನು ನೆನಪಾಯಿತೋ ಏನೋ, ಕನ್ನಡದಲ್ಲೇ ಹೇಳಿಬಿಟ್ಟಳು.

"ಅಮ್ಮಿ, ದಾವಣಗೆರೆಯವ್ರಿಗೆ ಬೇಡ ಅಂತ ಹೇಳ್ಬಿಡಿ. ಯಾಕೆ ಅನ್ನೋದನ್ನ ಮನೆಗೆ ಬಂದು ಹೇಳ್ತೀನಿ."

ಆಚೆಯಿಂದ ಅಮ್ಮಿ ದಖ್ಖನಿಯಲ್ಲಿ ಬೈಯುತ್ತಿದ್ದುದು ಶಾಕಿರನಿಗೂ ಕೇಳಿಸಿತು. ಅವನು ಎತ್ತಲೋ ನೋಡುತ್ತಾ ನಿಂತ.

ತರನ್ನುಮ್ ಕಪಾಟಿನಿಂದ ಆ ಹಳೇ ಪರೀಕ್ಷೆಯ ಪುಸ್ತಕವನ್ನೇ ಹುಡುಕಿ ತೆಗೆದಳು. ಮೊದಲ ಪುಟ ಬಿಡಿಸಿ, ತಲೆ ತಗ್ಗಿಸಿ ಓದಿದಳು.

"ಬೆಟದ ಮೇಲೆ ಚಿಟೆ ಹಾರಿತು."

"ಬೆಟ್ಟ. ಚಿಟ್ಟೆ" ಅಭ್ಯಾಸಬಲದಿಂದ ತಿದ್ದಿದವನು ಅಲ್ಲಿಗೇ ನಿಂತ. ಪಿಎಚ್‌ಡಿ ಮಾಡಿದವಳಿಗೆ ಚಿಟ್ಟೆ ಓದಲು ಬರುವುದಿಲ್ಲವೇ?

"ಅವಾಗ್ಲೂ... ಬೇಕೂಂತ್ಲೇ ತಪ್ಪು ಓದ್ತಿದ್ಯಾ?"

"ಹದಿನಾರು ವಾರ" ಅಂದಳು. "ಜೋಡಿ ಬಿಡಿಸ್ತಾರೆ ಅನ್ನೋ ಭಯ ನಿನಗೊಬ್ಬನಿಗೇ ಇತ್ತು ಅನ್ಕೊಂಡ್ಯಾ?"

ಇಬ್ಬರೂ ಒಬ್ಬರಿಗೊಬ್ಬರು ಹೇಳದೆ ಒಂದೇ ಕಳ್ಳತನ ಮಾಡಿದ್ದರು. ಅವನು ನಕ್ಕ. ನಗುತ್ತಲೇ ಕಣ್ಣೊರೆಸಿಕೊಂಡ.

ತರನ್ನುಮ್ ಪೆನ್ನನ್ನು ಅವನತ್ತ ಸರಿಸಿ, ಹಾಳೆಯ ಖಾಲಿ ಸಾಲು ತೋರಿಸಿದಳು.

"ಹದಿನೆಂಟನೇ ವಾರದ್ದು ಬಾಕಿ ಇದೆ, ಸರ್. ತುಂಬಿ ಕೊಡಿ. ಒಬ್ಬಳೇ ಓದಬಲ್ಲಳೇ?"

ಅವನು ನಿಧಾನವಾಗಿ, ದುಂಡಗೆ ಬರೆದ. ‘ಇಲ್ಲ’.

"ಹಾಗಾದ್ರೆ ಜೋಡಿ?"

"ಬಿಡಿಸೋ ಹಾಗಿಲ್ಲ ಕಣೇ... ಕೇಂದ್ರದ ಕಾನೂನು."