ಜೀರುಂಡೆಯ ಕ್ಯಾರಿಯರ್

"ಮುಂದಿನ ಮಡ್‌ಗಾರ್ಡು ಆರಚ್ಚು, ಚಿಕ್ಕಪ್ಪ," ಎಂದು ಶಿವರತ್ನ ಕೂಗಿ ಹೇಳಿದಳು.

ಆಲೆಮನೆಯ ತೊಲೆಗೆ ದೊಡ್ಡ ತಕ್ಕಡಿ ನೇತಾಡುತ್ತಿತ್ತು. ಅದರ ಒಂದು ತಟ್ಟೆಯಲ್ಲಿ ಮೋಟಾರು ಬೈಕಿನ ಮಡ್‌ಗಾರ್ಡು, ಇನ್ನೊಂದು ತಟ್ಟೆಯಲ್ಲಿ ಆರು ಅಚ್ಚು ಬೆಲ್ಲ. ತೂಕದ ಕಲ್ಲುಗಳನ್ನು ಅಪ್ಪ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದ. ಹಾಗಂತ ಕೆಲಸ ನಿಲ್ಲಿಸಲು ಆಗುತ್ತದೆಯೆ? ಬೆಲ್ಲದ ಅಚ್ಚುಗಳೆಲ್ಲ ಒಂದೇ ಅಳತೆಯವು. ಕಲ್ಲಿಲ್ಲದಿದ್ದರೆ ಬೆಲ್ಲವೇ ಸೈ.

"ಐದಚ್ಚಿನ ಮೇಲಿರೋದೆಲ್ಲ ಆಚೆಗೆ," ಎಂದ ಚಿಕ್ಕಪ್ಪ ಷಡಕ್ಷರಿ. "ಅಂದ್ರೆ ಮಡ್‌ಗಾರ್ಡು ಬ್ಯಾಡ. ಈಗ ಹಾರನ್ ತೂಗು."

ಹಾರನ್ ಒಂದಚ್ಚೂ ತೂಗಲಿಲ್ಲ. ಅದು ಬಚಾವಾಯಿತು.

ಚಿಕ್ಕಪ್ಪನ ಬೈಕು ಐವತ್ತು ಸಿಸಿಯ ಪುಟ್ಟ ಗಾಡಿ. ಮೈಸೂರಿನಲ್ಲಿ ಯಾರೋ ಓಡಿಸಿ ಸಾಕಾಗಿ ಮಾರಿದ್ದು. ಅದು ಸ್ಟಾರ್ಟ್ ಆದರೆ ಸಾಕು, ಹೊನ್ನೂರಿನ ನಾಯಿಗಳೆಲ್ಲ ಎದ್ದು ನಿಲ್ಲುತ್ತಿದ್ದವು. ಅದಕ್ಕೇ ಊರಿನವರು ಅದಕ್ಕೆ ಜೀರುಂಡೆ ಎಂದು ಹೆಸರಿಟ್ಟಿದ್ದರು. ಚಿಕ್ಕಪ್ಪ ದಿನಾ ಬೆಳಿಗ್ಗೆ ಜೀರುಂಡೆಯ ಕ್ಯಾರಿಯರ್ ಮೇಲೆ ಶಿವರತ್ನಳನ್ನು ಕೂರಿಸಿಕೊಂಡು ಯಳಂದೂರಿನ ಮಿಡ್ಲ್ ಸ್ಕೂಲಿಗೆ ಬಿಡುತ್ತಿದ್ದ. ದಾರಿಯಲ್ಲಿ ಕೆರೆ ಏರಿ ಹತ್ತುವಾಗ ಗಾಡಿ ಮುಕ್ಕರಿಯುತ್ತಿತ್ತು. ಆಗ ಶಿವರತ್ನ ಉಸಿರು ಬಿಗಿ ಹಿಡಿದು ಕೂರುತ್ತಿದ್ದಳು. ಹಾಗೆ ಮಾಡಿದರೆ ತಾನು ಹಗುರಾಗುತ್ತೇನೆ ಎಂದು ಅವಳ ಲೆಕ್ಕ.

ಹೀಗಿರುವಾಗ ಒಂದು ದಿನ ಪಕ್ಕದೂರು ಅಗರದ ಚಿನ್ನಸ್ವಾಮಿ ಟೀ ಅಂಗಡಿಯ ಮುಂದೆ ನಾಲ್ಕು ಜನ ಕೇಳುವಂತೆ ಒಂದು ಮಾತು ಅಂದುಬಿಟ್ಟ. ಅವನ ಹತ್ತಿರವೂ ಇಂಥದೇ ಒಂದು ಪುಟ್ಟ ಬೈಕಿತ್ತು.

"ನಿನ್ ಗಾಡಿ ಏನಿದ್ರೂ ಎಣ್ಮಕ್ಳನ್ನ ಇಸ್ಕೂಲಿಗೆ ಬಿಡಕ್ಕೆ ಲಾಯಕ್ಕು ಕಣ್ಲಾ."

ಚಿಕ್ಕಪ್ಪನಿಗೆ ಮೈಯೆಲ್ಲ ಉರಿದುಹೋಯಿತು. ಬರುವ ಭಾನುವಾರ ಒಣಗಿದ ಕೆರೆಯಲ್ಲಿ ರೇಸು ಎಂದು ಅಲ್ಲೇ ತೀರ್ಮಾನವಾಯಿತು. ಅರಳಿಮರದಿಂದ ಹೊರಟು, ತೂಬಿನ ಕಲ್ಲು ಸುತ್ತಿಕೊಂಡು, ಮತ್ತೆ ಅರಳಿಮರಕ್ಕೆ ಬರಬೇಕು. ಅಂದಿನಿಂದ ಚಿಕ್ಕಪ್ಪ ಗದ್ದೆ ಕಡೆ ತಲೆ ಹಾಕಲಿಲ್ಲ. ಕೊಳ್ಳೇಗಾಲದ ಮೆಕ್ಯಾನಿಕ್ ಹತ್ತಿರ ಹೋಗಿ, ಚೈನು ಸುತ್ತುವ ಹಿಂದಿನ ಹಲ್ಲುಚಕ್ರ ತೆಗೆಸಿ ಇನ್ನೂ ಚಿಕ್ಕದನ್ನು ಹಾಕಿಸಿಕೊಂಡು ಬಂದ. ಸೈಲೆನ್ಸರಿನ ಒಳಗಿದ್ದ ಕೊಳವೆಯನ್ನೂ ಕಿತ್ತು ಹಾಕಿದ. ಜೀರುಂಡೆಯ ಸದ್ದು ಈಗ ಅಗರಕ್ಕೂ ಕೇಳುವಂತಾಯಿತು. ಉಳಿದದ್ದು ತೂಕ ಇಳಿಸುವ ಕೆಲಸ ಒಂದೇ.

"ಈಗ ಕ್ಯಾರಿಯರು," ಎಂದ ಚಿಕ್ಕಪ್ಪ.

ಶಿವರತ್ನ ಕ್ಯಾರಿಯರನ್ನು ತಟ್ಟೆಗಿಟ್ಟಳು. ಎದುರಿಗೆ ಐದು ಅಚ್ಚು ಇಟ್ಟಳು. ಕ್ಯಾರಿಯರ್ ಇದ್ದ ತಟ್ಟೆ ಒಂದು ಚೂರೇ ಚೂರು ಕೆಳಗೆ ವಾಲಿತು.

"ಐದಕ್ಕಿಂತ ಜಾಸ್ತಿ. ಆಚೆಗೆ," ಎಂದ ಚಿಕ್ಕಪ್ಪ.

ಶಿವರತ್ನ ತಟ್ಟೆಯಲ್ಲಿದ್ದ ಬೆಲ್ಲ ನೋಡಿದಳು. ಎಲ್ಲ ಅಚ್ಚುಗಳ ಮೂಲೆಯೂ ಇಲಿ ಕಡಿದ ಹಾಗೆ ಸವೆದಿತ್ತು. ಆ ಇಲಿ ಯಾರೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಬೆಳಿಗ್ಗೆಯಿಂದ ತೂಕ ಹಾಕುವಾಗಲೆಲ್ಲ ಒಂದೊಂದು ಚೂರು ಬಾಯಿಗೆ ಹೋಗಿತ್ತು. ನಾಲಿಗೆಯ ಮೇಲೆ ಈಗಲೂ ಸಿಹಿ ಇತ್ತು.

"ಚಿಕ್ಕಪ್ಪ, ಅಂಗಾದ್ರೆ ನಾನು ಎಲ್ಲಿ ಕೂತ್ಕೊಳ್ಳಿ?"

"ರೇಸ್ ಮುಗೀಲಿ ತಡಿ."

"ಮುಗುದ್ಮೇಲೆ ಆಕ್ತೀಯ?"

"ಗೆದ್ರೆ ಮೈಸೂರ್ ರೇಸಿಗೆ ಓಯ್ತೀನಿ. ರೇಸ್ ಬೈಕಿಗೆ ಎಲ್ಲಾದ್ರೂ ಕ್ಯಾರಿಯರ್ ಇರ್ತದ?" ಎಂದು ಚಿಕ್ಕಪ್ಪ ನಕ್ಕ. ಅವನ ಕಣ್ಣಿನಲ್ಲಿ ಆಗಲೇ ಮೈಸೂರು ಕಾಣುತ್ತಿತ್ತು.

ಅಂದು ಊಟಕ್ಕೆ ಕೂತಾಗ ಅಪ್ಪ ಪುಟ್ಟಬಸಪ್ಪನಿಗೆ ವಿಷಯ ಗೊತ್ತಾಯಿತು. ಅವನು ಮುದ್ದೆ ಮುರಿಯುತ್ತ ಹೇಳಿದ: "ಕ್ಯಾರಿಯರ್ ಇಲ್ದಿದ್ರೆ ಇಸ್ಕೂಲೂ ಇಲ್ಲ. ಅಷ್ಟು ದೂರ ಒಬ್ಳೇ ನಡ್ಕಂಡು ಓಗದು ಬ್ಯಾಡ. ನಾಕ್ನೇ ಕ್ಲಾಸೇ ಸಾಕಾಗಿತ್ತು. ಷಡಕ್ಷರಿಗೂ ಒಂದು ಭಾರ ಕಮ್ಮಿ ಆಯ್ತದೆ."

ಶಿವರತ್ನ ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಇಟ್ಟಳು. ಭಾರ ಎಂದರೆ ತಾನೇ. ತನ್ನನ್ನು ಯಾರೂ ತಕ್ಕಡಿಗೆ ಹಾಕಿರಲಿಲ್ಲ, ಆದರೂ ಆಚೆಗೆ ಇಟ್ಟುಬಿಟ್ಟರು. ಆ ವಾರವೆಲ್ಲ ಅವಳು ಶಾಲೆಗೆ ಹೋಗಲಿಲ್ಲ. ಕ್ಲಾಸಿನಲ್ಲಿ ಎಲ್ಲರೂ ಭಿನ್ನರಾಶಿ ಕಲಿಯುತ್ತಿರುತ್ತಾರೆ ಎಂದು ನೆನೆದು ಅಳು ಬರುತ್ತಿತ್ತು. ಭಿನ್ನರಾಶಿಗಾಗಿ ಅತ್ತ ಹುಡುಗಿ ಆ ತಾಲ್ಲೂಕಿನಲ್ಲಿ ಅವಳೊಬ್ಬಳೇ ಇರಬೇಕು.

ಶನಿವಾರ ಚಿಕ್ಕಪ್ಪ ಕೆರೆಯಲ್ಲಿ ಗಾಡಿ ಓಡಿಸಿ ನೋಡಿದ. ಶಿವರತ್ನ ಏರಿಯ ಮೇಲೆ ಕೂತಿದ್ದಳು. ಜೀರುಂಡೆ ಕಿವಿ ಕಿತ್ತುಹೋಗುವಂತೆ ಕಿರುಚಿಕೊಂಡು ಹೊರಟಿತು. ಕೆರೆಯ ನೆಲ ಒಣಗಿ ಬಿರುಕು ಬಿಟ್ಟಿತ್ತು. ಒಂದೊಂದು ಹೆಂಟೆ ಸಿಕ್ಕಿದಾಗಲೂ ಹಿಂದಿನ ಚಕ್ರ ಮೇಲಕ್ಕೆ ಪುಟಿಯಿತು, ಬಾಲ ಆ ಕಡೆ ಈ ಕಡೆ ಕುಣಿಯಿತು. ನೋಡುತ್ತಿದ್ದಂತೆ ಚಿಕ್ಕಪ್ಪ ಒಂದು ಕಡೆ, ಬೈಕು ಇನ್ನೊಂದು ಕಡೆ.

ಶಿವರತ್ನ ಓಡಿ ಹೋದಳು. ಚಿಕ್ಕಪ್ಪನ ಮೊಣಕೈ ತರಚಿ ರಕ್ತ ಬರುತ್ತಿತ್ತು.

"ಇಂಜಿನ್ ಸರಿಯಾಗೈತೆ, ಚೈನೂ ಸರಿಯಾಗೈತೆ," ಎಂದು ಅವನು ಕೂತಲ್ಲೇ ಗೊಣಗಿದ. "ಇದ್ರ ಬಾಲ ಯಾಕಿಂಗೆ ಕುಣೀತದೆ?"

ಶಿವರತ್ನಳಿಗೆ ಅದು ಯಾಕೆಂದು ಗೊತ್ತಿತ್ತು. ಶಾಲೆಯ ದಾರಿಯೂ ಇಷ್ಟೇ ಹಾಳು, ಆದರೂ ಜೀರುಂಡೆಯ ಬಾಲ ಒಂದು ದಿನವೂ ಕುಣಿದಿರಲಿಲ್ಲ. ಬಾಲದ ಮೇಲೆ ಅವಳು ಕೂತಿರುತ್ತಿದ್ದಳಲ್ಲ.

ಹೇಳದೆ ಸುಮ್ಮನಿದ್ದರೆ ನಾಳೆ ಚಿಕ್ಕಪ್ಪ ಸೋಲುತ್ತಾನೆ. ಸೋತರೆ ಮೈಸೂರಿಲ್ಲ. ಮೈಸೂರಿಲ್ಲದಿದ್ದರೆ ಕ್ಯಾರಿಯರ್ ವಾಪಸು ಬರುತ್ತದೆ. ಇಷ್ಟು ಸುಲಭದ ಲೆಕ್ಕ ಅವಳಿಗೆ ಶಾಲೆಯಲ್ಲೂ ಸಿಕ್ಕಿರಲಿಲ್ಲ. ಆದರೆ ಚಿಕ್ಕಪ್ಪ ಮೊಣಕೈಗೆ ಮಣ್ಣು ಒತ್ತಿಕೊಂಡು ಮತ್ತೆ ಗಾಡಿ ಎತ್ತುತ್ತಿದ್ದ. ಈ ಸಲ ಬಿದ್ದರೆ ತರಚುಗಾಯದಲ್ಲಿ ಮುಗಿಯುವುದಿಲ್ಲ.

"ಚಿಕ್ಕಪ್ಪ, ನಿಂತ್ಕೊ. ಇಂದ್ಗಡೆ ಭಾರ ಇಲ್ಲ. ಅದ್ಕೇ ಕುಣೀತದೆ. ದಿನಾ ನಾನಿರ್ತಿದ್ದೆ," ಎಂದಳು. ಬಾಯಿ ಬಿಟ್ಟದ್ದಾಗಿತ್ತು, ಇನ್ನೊಂದನ್ನೂ ಹೇಳಿಬಿಟ್ಟಳು. "ಕ್ಯಾರಿಯರ್ ಐದೇ ಅಚ್ಚು ಕಣ್ ಚಿಕ್ಕಪ್ಪ. ಬೆಲ್ಲಾನ ನಾನು ತಿಂದ್ಬುಟ್ಟಿದ್ದೆ."

ಚಿಕ್ಕಪ್ಪ ಅವಳನ್ನೂ ಗಾಡಿಯನ್ನೂ ನೋಡಿದ. ಆಮೇಲೆ ಮೊಣಕೈ ಉರಿ ಮರೆತು ಬಿದ್ದು ಬಿದ್ದು ನಕ್ಕ.

"ಅಂಗಾದ್ರೆ ನಾಳೆ ನಾನೇ ಇಂದೆ ಕೂತ್ಕತೀನಿ," ಎಂದಳು ಶಿವರತ್ನ.

"ನಿಮ್ಮಪ್ಪ ನನ್ ಚರ್ಮ ಸುಲೀತಾನೆ. ನಿನ್ನಷ್ಟೇ ತೂಕದ್ದು ಏನಾದ್ರೂ ಕಟ್ಟಾನ. ನಡಿ."

ಆಲೆಮನೆಯಲ್ಲಿ ಶಿವರತ್ನ ತಕ್ಕಡಿಯ ತಟ್ಟೆ ಹತ್ತಿ ಕೂತಳು. ಚಿಕ್ಕಪ್ಪ ಎದುರಿನ ತಟ್ಟೆಗೆ ಒಂದೊಂದೇ ಅಚ್ಚು ಪೇರಿಸಿದ. ಈ ಸಲ ಯಾರೂ ಕಡಿಯದ ಬೆಲ್ಲ. ಅಷ್ಟರಲ್ಲಿ ಅಜ್ಜಿ ಪುಟ್ಟಮಲ್ಲಮ್ಮ ಒಳಗೆ ಬಂದಳು. ತಕ್ಕಡಿಯಲ್ಲಿ ಮೊಮ್ಮಗಳು, ಎದುರಿಗೆ ಬೆಲ್ಲ. ನೋಡಿದ್ದೇ ತಡ, ಕೈ ಮುಗಿದುಬಿಟ್ಟಳು.

"ಮಾದಪ್ಪಂಗೆ ತುಲಾಭಾರ ಏನ್ಲಾ? ಒಂದು ಮಾತು ಏಳಬಾರ್ದಾ? ತಡೀರಿ, ಇಬೂತಿ ತತ್ತೀನಿ."

ಬೈಕಿಗೆ ಕಟ್ಟಲು ಎಂದು ಅಜ್ಜಿಗೆ ಹೇಳುವ ಧೈರ್ಯ ಯಾರಿಗಿದೆ? ಶಿವರತ್ನ ಹಣೆ ತುಂಬ ವಿಭೂತಿ ಹಚ್ಚಿಸಿಕೊಂಡು ತೂಗಿಸಿಕೊಂಡಳು. ಕ್ಯಾರಿಯರ್ ಮತ್ತೆ ಜೀರುಂಡೆಯ ಬೆನ್ನೇರಿತು. ಅದರ ಮೇಲೆ ಗೋಣಿಚೀಲದಲ್ಲಿ ಒಂದು ಶಿವರತ್ನದಷ್ಟು ಬೆಲ್ಲ. ಚಕ್ರ ಪುಟಿಯುತ್ತದೆಯೆ ಎಂದು ಚಿಕ್ಕಪ್ಪ ಅಂಗಳದಲ್ಲೇ ಒಂದು ಸುತ್ತು ಹಾಕಿ ನೋಡಿದ. ಪುಟಿಯಲಿಲ್ಲ. ತೂಕ ಇಳಿಸಲು ಒಂದು ವಾರ ಒದ್ದಾಡಿದವನು ಅದರ ಎಷ್ಟೋ ಪಟ್ಟು ತೂಕವನ್ನು ಒಂದೇ ಸಂಜೆಗೆ ಹೇರಿಕೊಂಡಿದ್ದ.

ಭಾನುವಾರ ಏರಿಯ ಮೇಲೆ ಜನವೋ ಜನ. ಹೊನ್ನೂರಿನವರು ಒಂದು ಕಡೆ, ಅಗರದವರು ಒಂದು ಕಡೆ. ಚೀಲ ನೋಡಿ ಚಿನ್ನಸ್ವಾಮಿ, "ಸಂತೆಗೆ ಒಂಟ್ಯೇನ್ಲಾ?" ಎಂದು ಹಂಗಿಸಿದ. ಚಿಕ್ಕಪ್ಪ ಜೀರುಂಡೆಯನ್ನು ಸ್ಟಾರ್ಟ್ ಮಾಡಿದ.

ಟವೆಲು ಬೀಸಿದ್ದೇ ತಡ, ಎರಡೂ ಗಾಡಿ ಹೊರಟವು. ಚಿನ್ನಸ್ವಾಮಿಯ ಗಾಡಿಯ ಬಾಲ ನೆಲದ ಮೇಲೆ ನಿಲ್ಲಲೇ ಇಲ್ಲ. ಜೀರುಂಡೆ ಮಾತ್ರ ಹಳಿಯ ಮೇಲೆ ಹೋದ ಹಾಗೆ ಹೋಯಿತು. ತೂಬಿನ ಕಲ್ಲು ಸುತ್ತುವಾಗ ಚಿಕ್ಕಪ್ಪನೇ ಮುಂದಿದ್ದ. ಶಿವರತ್ನ ಕುಣಿದಾಡಿದಳು.

ಆದರೆ ಕೊಳವೆ ಕಿತ್ತ ಸೈಲೆನ್ಸರ್ ಕೆಂಡದಂತೆ ಕಾದಿತ್ತು. ಚೀಲದ ತುದಿ ಅದಕ್ಕೆ ತಾಗುತ್ತಿದ್ದುದನ್ನು ಯಾರೂ ನೋಡಿರಲಿಲ್ಲ. ಗೋಣಿ ಸುಟ್ಟು ತೂತಾಯಿತು. ಅದರಿಂದ ಒಂದು ಅಚ್ಚು ಬಿತ್ತು. ಹಿಂದೆಯೇ ಇನ್ನೊಂದು.

"ಬೆಲ್ಲ ಬೆಲ್ಲ" ಎನ್ನುತ್ತ ಏರಿಯ ಮೇಲಿದ್ದ ಮಕ್ಕಳೆಲ್ಲ ಕೆರೆಗೆ ಇಳಿದರು. ಮಕ್ಕಳ ಹಿಂದೆ ದೊಡ್ಡವರೂ ಇಳಿದರು. ರೇಸು ನೋಡುವವರೇ ಇಲ್ಲವಾದರು. ಚೀಲ ಹಗುರಾದಂತೆಲ್ಲ ಜೀರುಂಡೆಯ ಬಾಲ ಮತ್ತೆ ಕುಣಿಯತೊಡಗಿತು. ಚಿಕ್ಕಪ್ಪ ಬೀಳದಿರಲು ಕಾಲು ಊರಿ ಊರಿ ಬರುವಷ್ಟರಲ್ಲಿ ಚಿನ್ನಸ್ವಾಮಿ ಅರಳಿಮರ ಮುಟ್ಟಿದ್ದ.

ಗೆದ್ದವನು ಗಾಡಿ ನಿಲ್ಲಿಸಿ, ಕೈಗೆ ಸಿಕ್ಕಿದ ಒಂದು ಅಚ್ಚು ಕಡಿಯುತ್ತ ಬಂದ. "ಬೆಲ್ಲ ಇರಗಂಟ ನಿನ್ ಗಾಡೀನೇ ಮುಂದಿತ್ತು ಕಣ್ಲಾ. ಸುಳ್ಯಾಕೇಳ್ಲಿ," ಎಂದ.

ಆ ಹೊತ್ತಿಗೆ ಅಪ್ಪ ಬಂದ. ಕೆರೆಯ ಉದ್ದಕ್ಕೂ ತನ್ನ ಬೆಲ್ಲ ಚೆಲ್ಲಿರುವುದನ್ನು ನೋಡಿದ. ಬಗ್ಗಿ ಒಂದು ಅಚ್ಚು ಎತ್ತಿಕೊಂಡು ಮಣ್ಣು ಒರೆಸಿದ.

"ಇದೇನ್ಲಾ ಇದು?"

ಚಿಕ್ಕಪ್ಪ ತಲೆ ತಗ್ಗಿಸಿ ಎಲ್ಲವನ್ನೂ ಹೇಳಿದ. ಬಾಲ ಕುಣಿದದ್ದು, ಬಿದ್ದದ್ದು, ಶಿವರತ್ನ ಹೇಳಿದ್ದು, ಅವಳನ್ನು ತೂಗಿದ್ದು. "ಮಗಾನೇ ಕೂತಿದ್ರೆ ಗಟ್ಯಾಗಿ ಇಡ್ಕತಿತ್ತು ಕಣಣ್ಣ. ಬೆಲ್ಲಕ್ಕೆ ಕೈ ಎಲ್ಲೈತೆ?" ಎಂದ.

ಅಪ್ಪ ಅಚ್ಚನ್ನು ಎರಡು ಮಾಡಿ ಒಂದು ತುಂಡು ಶಿವರತ್ನಳ ಕೈಗೆ ಕೊಟ್ಟ.

ಸೋಮವಾರ ಬೆಳಿಗ್ಗೆ ಶಿವರತ್ನ ಬ್ಯಾಗು ಹಿಡಿದುಕೊಂಡು ಆಚೆ ಬಂದಾಗ ಅಪ್ಪ ಜೀರುಂಡೆಯ ಹಿಂದೆ ಕುಕ್ಕರುಗಾಲಿನಲ್ಲಿ ಕೂತಿದ್ದ. ಕೈಯಲ್ಲಿ ಸ್ಪ್ಯಾನರ್ ಇತ್ತು. ಕ್ಯಾರಿಯರಿನ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡುತ್ತಿದ್ದ.

"ಷಡಕ್ಷರಿ, ಒಬ್ನೇ ಓದ್ರೆ ಬಿದ್ದೀಯೆ. ಮಗೀನ ಕೂರಿಸ್ಕಂಡೇ ಓಗು," ಎಂದ. ಆಮೇಲೆ ಅವಳ ಕಡೆ ತಿರುಗಿ, "ಗಟ್ಯಾಗಿ ಕುಂತ್ಕೊ ಕಣವ್ವ," ಎಂದ.

ಜೀರುಂಡೆ ಹೊರಟಿತು. ನಾಯಿಗಳು ಎದ್ದು ನಿಂತವು. ಕೆರೆ ಏರಿ ಬಂದಾಗ ಗಾಡಿ ಎಂದಿನಂತೆ ಮುಕ್ಕರಿಯಿತು. ಶಿವರತ್ನ ಅಭ್ಯಾಸಬಲದಿಂದ ಉಸಿರು ಬಿಗಿ ಹಿಡಿದಳು.

ಒಂದು ಕ್ಷಣ ಹಾಗೇ ಇದ್ದಳು. ಆಮೇಲೆ ಉಸಿರನ್ನು ಪೂರ್ತಿ ಬಿಟ್ಟು, ಚಿಕ್ಕಪ್ಪನ ಅಂಗಿ ಹಿಡಿದುಕೊಂಡು, ಕ್ಯಾರಿಯರ್ ಮೇಲೆ ತನ್ನ ತೂಕವನ್ನೆಲ್ಲ ಊರಿ ಕೂತಳು.